ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಹೋಗಿ ಹೆಡ್ಡೇ ಇಳಿಸುವ ಹಾಗಾಯಿತು, ತಪ್ಪು ಯಾರದು?

ಅಮರಗೋಳ ಬಾಡಿಗೆ | ಸೋಮವಾರ ರಾತ್ರಿ 9:40

ನಮಸ್ಕಾರ್ರೀ ಎಲ್ಲರಿಗೂ. ನಾನು ಅಮರಗೋಳ ಎಪಿಎಂಸಿಯಲ್ಲಿ ಬಾಡಿಗೆಗೆ ಗಾಡಿ ಹಚ್ಚುವವನು. ನಾಲ್ಕು ಸಿಲಿಂಡರಿನ ಪೆಟ್ರೋಲ್-ಸಿಎನ್‌ಜಿ ಮಿನಿ ಟ್ರಕ್, 2017ರ ಮಾಡೆಲ್, 1,86,000 ಕಿ.ಮೀ. ಓಡಿದೆ. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಚರ್ಚೆ ಆ ಕಡೆಗೇ ಹೋಗಿಬಿಡುತ್ತದೆ.

ಹೋದ ವಾರ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬರುತ್ತಿದ್ದೆ. ಬಂಕಾಪುರ ದಾಟಿದ್ದೇ ತಡ, ಗಾಡಿ ಮಿಸ್ ಹೊಡೆಯಲು, ಅಂದರೆ ಇಂಜಿನ್ ತಡವರಿಸಲು ಶುರು ಮಾಡಿತು. ಗ್ಯಾಸ್ ಮೇಲೆ ಓಡಿಸಿದರೆ ಜರ್ಕ್, ಪೆಟ್ರೋಲಿಗೆ ಹಾಕಿದರೆ ಸ್ವಲ್ಪ ವಾಸಿ. ಇಂಜಿನ್ ಲೈಟ್ ಬೇರೆ ಮಿಣಿ ಮಿಣಿ. ಹಾಗೂ ಹೀಗೂ ಹುಬ್ಬಳ್ಳಿ ಮುಟ್ಟಿಸಿ, ಮಾಲು ಇಳಿಸಿ, ಸೀದಾ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಮೊದಲು ಪ್ಲಗ್ ನೋಡೋಣ ಅಂತ ಬಿಚ್ಚಲು ಕೂತ. ಮೂರು ಸಲೀಸಾಗಿ ಬಂದವು. ಮೂರನೇ ಸಿಲಿಂಡರಿನದು ಮಾತ್ರ ಒಂದು ಸುತ್ತು ತಿರುಗಿ ಗಟ್ಟಿಯಾಗಿ ನಿಂತುಬಿಟ್ಟಿತು. ಅವನು ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆದ. ಕಿರ್ರ್ ಅಂತ ಒಂದು ಸದ್ದು. ಪ್ಲಗ್ ಹೊರಗೆ ಬಂತು ನಿಜ, ಆದರೆ ಹೆಡ್ಡಿನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ಥ್ರೆಡ್ ಅದರ ಮೈಗೆ ಬೆಳ್ಳಿ ತಂತಿಯ ಹಾಗೆ ಸುತ್ತಿಕೊಂಡು ಬಂತು.

ಈಗ ಹೆಡ್ ಇಳಿಸಬೇಕಂತೆ, ಲೇಥಿಗೆ ಕೊಟ್ಟು ಥ್ರೆಡ್ ಹಾಕಿಸಬೇಕಂತೆ. ಗ್ಯಾಸ್ಕೆಟ್, ಆಯಿಲ್, ಕೂಲಂಟ್ ಎಲ್ಲ ಸೇರಿ 14,500 ಆಗುತ್ತೆ ಅನ್ನುತ್ತಿದ್ದಾನೆ. ನಾಲ್ಕು ಪ್ಲಗ್ಗಿಗೆ 600 ರೂಪಾಯಿ ಅಂದುಕೊಂಡು ಹೋಗಿದ್ದೆ ನಾನು! ನನ್ನ ಪ್ರಕಾರ ಕೆಡಿಸಿದವನೇ ಕೊಡಬೇಕು. ನೀವೇನಂತೀರಿ? ಮತ್ತೆ ಉಳಿದ ಮೂರಕ್ಕೂ ಮುಂದೆ ಹೀಗಾಗಬಾರದು ಅಂದರೆ ಏನು ಮಾಡಬೇಕು?

ಕ್ಲೀನರ್ ನಂ. 1 | ರಾತ್ರಿ 9:52

ಟ್ರಕ್ಕಿಗೆ ಸ್ಪಾರ್ಕ್ ಪ್ಲಗ್ಗಾ? ನಮ್ಮ ಹನ್ನೆರಡು ಗಾಲಿ ಲಾರಿಯಲ್ಲಿ ಹದಿನೈದು ವರ್ಷದಿಂದ ಹುಡುಕುತ್ತಿದ್ದೇನೆ ಅಣ್ಣಾ, ಒಂದೂ ಸಿಕ್ಕಿಲ್ಲ 😄

ಬೆಟಗೇರಿ ಕಾಕಾ | ರಾತ್ರಿ 10:05

ಡೀಸೆಲ್ ಗಾಡಿಯಲ್ಲಿ ಹುಡುಕಿದರೆ ಹೇಗೆ ಸಿಗುತ್ತದೆ ತಮ್ಮಾ. ಡೀಸೆಲ್ ಇಂಜಿನ್ ಗಾಳಿಯನ್ನೇ ಒತ್ತಿ ಕಾಯಿಸುತ್ತದೆ, ನೋಜಲ್ ಚಿಮ್ಮಿಸಿದ ಕೂಡಲೇ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿಗೂ ಗ್ಯಾಸಿಗೂ ಹಾಗಲ್ಲ, ಕಿಡಿ ಬೇಕೇ ಬೇಕು. ಈಗ ಬರುವ ಸಿಎನ್‌ಜಿಯ ದೊಡ್ಡ ಲಾರಿಗಳಲ್ಲೂ ಪ್ಲಗ್ ಇದೆ, ಹೋಗಿ ನೋಡು.

ಡೀಸೆಲ್ ಲಾರಿ ಬರುವ ಮುಂಚೆ ನಮ್ಮ ಕಡೆ ಪೆಟ್ರೋಲ್ ಲಾರಿಗಳೇ ಇದ್ದವು. ಟಾಟಾದವರು ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಡೀಸೆಲ್ ಲಾರಿ ತಂದಿದ್ದು 1954ರಲ್ಲಿ. ನಮ್ಮಪ್ಪ ಹಳೆ ಬೆಡ್‌ಫೋರ್ಡ್ ಪೆಟ್ರೋಲ್ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಬೆಳಿಗ್ಗೆ ಎದ್ದವನೇ ಪ್ಲಗ್ ಬಿಚ್ಚಿ ಒಲೆಯ ಕೆಂಡದ ಪಕ್ಕ ಬೆಚ್ಚಗೆ ಇಟ್ಟು, ಆಮೇಲೆ ಹಾಕಿ ಹ್ಯಾಂಡಲ್ ಹೊಡೆಯುತ್ತಿದ್ದನಂತೆ. ದಿನಾ ಬಿಚ್ಚುತ್ತಿದ್ದ ಪ್ಲಗ್ ಅದು, ಜಾಮ್ ಆಗುವ ಮಾತೇ ಇರಲಿಲ್ಲ.

ಶಿಗ್ಗಾಂವಿ ಸ್ಟೇರಿಂಗ್ | ರಾತ್ರಿ 10:11

ಪೈಪು ಹಾಕಿ ಎಳೆದಿದ್ದೇ ತಪ್ಪು. ಒಂದು ರೂಪಾಯಿನೂ ಕೊಡಬೇಡಿ.

ಗೋಕುಲ ರೋಡ್ ಪಾನಾ | ರಾತ್ರಿ 10:48

ನಾನೂ ಮಿಸ್ತ್ರಿನೇ, ಆದ್ದರಿಂದ ನಾನು ಮಿಸ್ತ್ರಿ ಪರ ಅಂತ ಮೊದಲೇ ಅಂದುಕೊಂಡುಬಿಡಿ. ತೀರ್ಪು ಕೊಡುವ ಮುಂಚೆ ಮೂರು ಪ್ರಶ್ನೆ.

ಬಿಚ್ಚುವಾಗ ಇಂಜಿನ್ ಬಿಸಿ ಇತ್ತಾ? ನೀವು ಬ್ಯಾಡಗಿಯಿಂದ ಬಂದು ಮಾಲು ಇಳಿಸಿ ಸೀದಾ ಹೋದೆ ಅಂದಿದ್ದೀರಿ, ಅದಕ್ಕೆ ಕೇಳಿದೆ. ಎರಡನೆಯದು, ಈ ಪ್ಲಗ್‌ಗಳನ್ನು ಹಿಂದೆ ಯಾವಾಗ ಬಿಚ್ಚಿದ್ದು, ಯಾರು ಬಿಚ್ಚಿದ್ದು? ಮೂರನೆಯದು, ಇಂಜಿನ್ ದೋಷ ಓದುವ ಸ್ಕ್ಯಾನರ್ ಹಾಕಿದ್ದರಾ, ಕೋಡ್ ಏನು ಬಂತು?

ನಾಲ್ಕೂ ಹಳೆ ಪ್ಲಗ್ ಎಸೆಯಬೇಡಿ. ಒಂದು ಬಿಳಿ ಬಟ್ಟೆ ಮೇಲೆ 1, 2, 3, 4 ಅಂತ ಸಾಲಾಗಿ ಇಟ್ಟು ಹಗಲು ಬೆಳಕಿನಲ್ಲಿ ಫೋಟೊ ಹಾಕಿ. ಪ್ಲಗ್ ಅಂದರೆ ಇಂಜಿನ್ನಿನ ನಾಲಿಗೆ. ನಾಲಿಗೆ ನೋಡದೆ ಔಷಧ ಕೊಡಬಾರದು.

ಶಿಗ್ಗಾಂವಿ ಸ್ಟೇರಿಂಗ್ | ರಾತ್ರಿ 10:55

ಬಿಸಿ ಇದ್ದರೆ ಒಳ್ಳೇದೇ ಅಲ್ವಾ? ಹೆಡ್ ಅಲ್ಯೂಮಿನಿಯಂ, ಪ್ಲಗ್ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತೆ, ತೂತು ದೊಡ್ಡದಾಗುತ್ತೆ, ಪ್ಲಗ್ ಸಡಿಲ ಆಗುತ್ತೆ. ನಾನು ಯಾವಾಗಲೂ ಬಿಸಿ ಇದ್ದಾಗಲೇ ಬಿಚ್ಚೋದು.

ಗೋಕುಲ ರೋಡ್ ಪಾನಾ | ರಾತ್ರಿ 11:02

ಲೆಕ್ಕ ಸರಿ ಇದೆ, ಕೆಲಸ ಸರಿ ಇಲ್ಲ. ಅಲ್ಯೂಮಿನಿಯಂ ಬಿಸಿ ಇದ್ದಾಗ ಮೆತ್ತಗೂ ಇರುತ್ತದೆ. ಥ್ರೆಡ್ಡಿನಲ್ಲಿ ಕಾರ್ಬನ್ನಿನ ಒಂದು ಹರಳು ಕೂತಿದ್ದರೆ ಸಾಕು, ಉಳುಮೆ ಮಾಡಿದ ಹಾಗೆ ಮೆತ್ತಗಿನ ಲೋಹವನ್ನು ಕಿತ್ತುಕೊಂಡು ಬರುತ್ತದೆ. ಅದಕ್ಕೇ ಪ್ಲಗ್ ಮಾಡುವ ಕಂಪನಿಗಳು, ಗಾಡಿ ಕಂಪನಿಗಳು ಎಲ್ಲ ಇಂಜಿನ್ ಆರಿ ತಣ್ಣಗಾದ ಮೇಲೆ ಬಿಚ್ಚಿ ಅನ್ನುವುದು. ಹಾಕುವಾಗಲೂ ಅಷ್ಟೇ. ಬಿಸಿ ಹೆಡ್ಡಿಗೆ ಬಿಗಿ ಮಾಡಿದರೆ ಆರಿದಾಗ ಹೆಡ್ ಕುಗ್ಗಿ ಪ್ಲಗ್ಗನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ರಾಣೆಬೆನ್ನೂರು ಲೆಕ್ಕದಕ್ಕ | ಮಂಗಳವಾರ ಬೆಳಿಗ್ಗೆ 7:15

ನಾನು ಗಾಡಿ ಓಡಿಸಲ್ಲ, ಗಾಡಿಗಳ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಆರು ಸಿಎನ್‌ಜಿ ಮಿನಿ ಟ್ರಕ್ ಇವೆ, ಬಿತ್ತನೆ ಬೀಜದ ಚೀಲ ಹಾಕಿಕೊಂಡು ಓಡಾಡುತ್ತವೆ. ಖರ್ಚಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಡ್ರೈವರ್‌ಗಳು ಮಿಸ್ ಹೊಡೆದಾಗ ಮಾತ್ರ ಪ್ಲಗ್ ನೋಡುತ್ತಿದ್ದರು. ನಾನು ಎರಡು ವರ್ಷದ ರಸೀದಿ ಹರಡಿಕೊಂಡು ಕೂತೆ. ಪ್ಲಗ್ಗಿನ ದುಡ್ಡು ಏನೇನೂ ಅಲ್ಲ. ದುಡ್ಡು ಹೋಗಿದ್ದು ದಾರಿಯಲ್ಲಿ ನಿಂತ ದಿನಗಳ ಬಾಡಿಗೆಗೆ, ಎಳೆದು ತಂದ ಖರ್ಚಿಗೆ. ಒಂದು ಗಾಡಿಯನ್ನಂತೂ ಡ್ರೈವರ್ ಮಿಸ್ ಹೊಡೆಯುತ್ತಿದ್ದರೂ ಹದಿನೈದು ದಿನ ಓಡಿಸಿದ್ದ. ಸುಡದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಮುದ್ದೆಯಾಗಿತ್ತು. ಅದರ ಬಿಲ್ ನೋಡಿ ನಮ್ಮ ಸಾವ್ಕಾರ್ರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಈಗ ಪ್ರತಿ 10,000 ಕಿ.ಮೀ.ಗೆ ಆಯಿಲ್ ಬದಲಿಸುವಾಗ ಪ್ಲಗ್ ಬಿಚ್ಚಿ ನೋಡಿ ಹಾಕುತ್ತಾರೆ, 20,000ಕ್ಕೆ ಹೊಸದು. ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ, ತಾರೀಕು, ಕಿ.ಮೀ., ಯಾರು ಬಿಚ್ಚಿದರು ಎಲ್ಲ ಬರೆಯಬೇಕು. ಬರೆಯದಿದ್ದರೆ ಭತ್ಯೆ ಇಲ್ಲ 🙂

ನವನಗರ ಟೆಕ್ಕಿ | ಬೆಳಿಗ್ಗೆ 8:02

ಇಷ್ಟೆಲ್ಲ ತಲೆನೋವು ಯಾಕ್ರೀ? ಇರಿಡಿಯಂ (ಲೋಹದ) ತುದಿಯ ಪ್ಲಗ್ ಹಾಕಿಸಿ, 80,000 ಕಿ.ಮೀ. ಮರೆತುಬಿಡಿ. ನನ್ನ ಕಾರಿಗೆ ಅದೇ ಹಾಕಿದ್ದೇನೆ.

ರಾಣೆಬೆನ್ನೂರು ಲೆಕ್ಕದಕ್ಕ | ಬೆಳಿಗ್ಗೆ 8:20

ಅದನ್ನೂ ಲೆಕ್ಕ ಹಾಕಿದ್ದೇನೆ ತಮ್ಮಾ. ಮಾಮೂಲಿ ಪ್ಲಗ್ ನಮಗೆ 150 ಬೀಳುತ್ತದೆ, ನಾಲ್ಕಕ್ಕೆ 600. 80,000 ಕಿ.ಮೀ.ನಲ್ಲಿ ನಾಲ್ಕು ಸಲ ಹಾಕಿದರೆ 2,400. ಇರಿಡಿಯಂ ಒಂದಕ್ಕೆ 700 ಹಿಡಿದರೂ 2,800. ಹೆಚ್ಚು ಕಡಿಮೆ ಒಂದೇ.

ಗೋಕುಲ ರೋಡ್ ಪಾನಾ | ಬೆಳಿಗ್ಗೆ 9:10

ಅಕ್ಕಾ ಹೇಳಿದ್ದು ದುಡ್ಡಿನ ಲೆಕ್ಕ. ಇನ್ನೊಂದು ಲೆಕ್ಕ ಇದೆ. "ಮರೆತುಬಿಡಿ" ಅನ್ನುವುದೇ ಹಳೆ ಇಂಜಿನ್ನಿಗೆ ಅಪಾಯ. ಇರಿಡಿಯಂ ಒಳ್ಳೆಯದೇ, ತುದಿ ತೆಳ್ಳಗಿರುವುದರಿಂದ ಕಿಡಿ ಸುಲಭವಾಗಿ ಹಾರುತ್ತದೆ, ಬೇಗ ಸವೆಯುವುದೂ ಇಲ್ಲ. ಆದರೆ 80,000 ಕಿ.ಮೀ. ಅಂದರೆ ಬಾಡಿಗೆ ಗಾಡಿಗೆ ಎರಡು ಮೂರು ವರ್ಷ. ಅಷ್ಟು ದಿನ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಬಿಸಿ-ತಣ್ಣಗೆ ಆಗುತ್ತಾ, ಒಳಗಿಂದ ಕಾರ್ಬನ್, ಮೇಲಿಂದ ಧೂಳು ತಿನ್ನುತ್ತಾ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಹೊಸ ಕಾರಿಗೆ ಸರಿ. 1,86,000 ಓಡಿದ, ಸ್ವಲ್ಪ ಆಯಿಲ್ ಕುಡಿಯುವ ಗಾಡಿಗೆ ನಾನಂತೂ ಮಾಮೂಲಿ ಪ್ಲಗ್ಗೇ ಹಾಕುತ್ತೇನೆ. ಅದರ ನೆಪದಲ್ಲಾದರೂ ಬಿಚ್ಚುತ್ತಾರೆ.

ನವನಗರ ಟೆಕ್ಕಿ | ಬೆಳಿಗ್ಗೆ 9:14

ಇರಿಡಿಯಂ ಹಾಕಿ, ನಡುವೆ ಬಿಚ್ಚಿ ನೋಡಬಾರದು ಅಂತ ಯಾರು ಹೇಳಿದರು?

ಗೋಕುಲ ರೋಡ್ ಪಾನಾ | ಬೆಳಿಗ್ಗೆ 9:16

ಯಾರೂ ಹೇಳಿಲ್ಲ. ಯಾರೂ ನೋಡುವುದೂ ಇಲ್ಲ.

ಧಾರವಾಡ ಮಳೆ | ಬೆಳಿಗ್ಗೆ 10:30

ಥ್ರೆಡ್ಡಿಗೆ ಕಾಪರ್ ಗ್ರೀಸ್ ಹಚ್ಚಿ ಹಾಕಿದರೆ ಜೀವಮಾನದಲ್ಲಿ ಜಾಮ್ ಆಗಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದ ಚರ್ಚೆ.

ಗೋಕುಲ ರೋಡ್ ಪಾನಾ | ಬೆಳಿಗ್ಗೆ 11:05

ಇದೂ ಅರ್ಧ ಸರಿ. ಈಗಿನ ಒಳ್ಳೆ ಪ್ಲಗ್‌ಗಳ ಥ್ರೆಡ್ಡಿಗೆ ನಿಕಲ್ ಅಥವಾ ಜಿಂಕ್ ಲೇಪನ ಇರುತ್ತದೆ, ಗ್ರೀಸ್ ಬೇಡ ಅಂತ ಪ್ಲಗ್ ಮಾಡುವ ಎನ್‌ಜಿಕೆ ಕಂಪನಿಯವರೇ ಹೇಳುತ್ತಾರೆ. ಯಾಕೆ ಅಂದರೆ ಗ್ರೀಸ್ ಹಚ್ಚಿದಾಗ ಜಾರುತ್ತದೆ, ಅದೇ ಕೈ ಬಲಕ್ಕೆ ಪ್ಲಗ್ ಅಳತೆ ಮೀರಿ ಬಿಗಿಯಾಗುತ್ತದೆ. ಥ್ರೆಡ್ ಎಳೆದು ಹೋಗುವುದು ಅಲ್ಲೇ. ಹಚ್ಚಲೇಬೇಕು ಅಂದರೆ ಮೇಲಿನ ಎರಡು ಮೂರು ಸುತ್ತಿಗೆ ಬೆರಳಲ್ಲಿ ಒರೆಸಿದಷ್ಟು ಹಚ್ಚಿ, ಬಿಗಿ ಕಡಿಮೆ ಮಾಡಿ. ತುದಿಗೆ ತಾಗಿದರೆ ಪ್ಲಗ್ ಕೆಲಸಕ್ಕೆ ಬಾರದು.

ಬಿಗಿಯ ಅಳತೆ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಹೆಡ್ಡಿಗೆ 14 ಎಂಎಂ ಪ್ಲಗ್ ಆದರೆ 25ರಿಂದ 30 ನ್ಯೂಟನ್ ಮೀಟರ್. 12 ಎಂಎಂ ಆದರೆ 15ರಿಂದ 20. 10 ಎಂಎಂ ಪ್ಲಗ್ ಇದ್ದರೆ 10ರಿಂದ 12 ಮಾತ್ರ, ಅದು ಕಡ್ಡಿ ಇದ್ದ ಹಾಗೆ. ಬಿಗಿ ಅಳೆಯುವ ಟಾರ್ಕ್ ಪಾನಾ ಇಲ್ಲದವರು ವಾಷರ್ ಇರುವ ಹೊಸ ಪ್ಲಗ್ಗನ್ನು ಬೆರಳಲ್ಲಿ ಕೊನೆಯವರೆಗೂ ತಿರುಗಿಸಿ, ಕೂತ ಮೇಲೆ ಪಾನಾದಿಂದ ಅರ್ಧ ಸುತ್ತು, ಬಹಳ ಅಂದರೆ ಮೂರರಲ್ಲಿ ಎರಡು ಭಾಗ ಸುತ್ತು ಕೊಡಿ. ಅಷ್ಟರಲ್ಲಿ ವಾಷರ್ ಚಪ್ಪಟೆಯಾಗುತ್ತದೆ. ಹಳೆ ಪ್ಲಗ್ ವಾಪಸ್ ಹಾಕುವಾಗ ವಾಷರ್ ಆಗಲೇ ಚಪ್ಪಟೆ ಆಗಿರುವುದರಿಂದ ಹನ್ನೆರಡರಲ್ಲಿ ಒಂದು ಭಾಗ ಸುತ್ತು ಸಾಕು, ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟು. ಕೋನಾಕಾರದ ಸೀಟ್ ಇರುವ, ವಾಷರ್ ಇಲ್ಲದ ಪ್ಲಗ್ ಬೇರೆ ಜಾತಿ, ಅದಕ್ಕೆ ಹದಿನಾರರಲ್ಲಿ ಒಂದು ಭಾಗ ಅಷ್ಟೇ.

ಮತ್ತೆ ಬೆರಳಲ್ಲಿ ತಿರುಗಲಿಲ್ಲ ಅಂದರೆ ನಿಲ್ಲಿಸಿ. ಪಾನಾ ಹಾಕಿ ದಾರಿ ಮಾಡಬೇಡಿ.

ಧಾರವಾಡ ಮಳೆ | ಬೆಳಿಗ್ಗೆ 11:20

ಆಯ್ತು ಗುರುವೇ. ಉದ್ದ ಚರ್ಚೆ ಬೇಕಿತ್ತು ಅಂತ ಒಪ್ಪಿಕೊಂಡೆ.

ಸ್ಯಾನ್ ಹೋಸೆ ಸವಣೂರಿನವ | ಬೆಳಿಗ್ಗೆ 11:48

ಊರು ಸವಣೂರು, ಈಗ ಅಮೆರಿಕ. ಇಲ್ಲಿ ಪೆಟ್ರೋಲ್ ಪಿಕಪ್ ಟ್ರಕ್‌ಗಳೇ ಜಾಸ್ತಿ, ಪ್ಲಗ್ ಗೋಳೂ ಜಾಸ್ತಿ. ಫೋರ್ಡ್ ಎಫ್-150ಯ 5.4 ಲೀಟರ್ ಟ್ರೈಟನ್ ವಿ8, ಸಿಲಿಂಡರಿಗೆ ಮೂರು ವಾಲ್ವ್ ಇರುವುದು, 2004ರಿಂದ 2008ರವರೆಗೆ ಬಂದದ್ದು ಇದಕ್ಕೆ ಕುಖ್ಯಾತ. ಅದರ ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು, ಥ್ರೆಡ್ಡಿನ ಕೆಳಗೆ ಉದ್ದನೆಯ ಕೊಳವೆ. ಆ ಕೊಳವೆಯ ಸುತ್ತ ಕಾರ್ಬನ್ ಕಟ್ಟಿಕೊಂಡು, ಬಿಚ್ಚುವಾಗ ಮೇಲಿನ ಅರ್ಧ ಮಾತ್ರ ಕೈಗೆ ಬರುತ್ತದೆ, ಕೆಳಗಿನ ಅರ್ಧ ಹೆಡ್ಡಿನಲ್ಲೇ. ಅದನ್ನು ಹೊರಗೆ ತೆಗೆಯಲೆಂದೇ ಬೇರೆ ಸಾಮಾನು ಮಾಡಿ ಮಾರುತ್ತಾರೆ ಅಂದರೆ ನೋಡಿ.

ಕಂಪನಿ ಹೇಳಿಕೊಟ್ಟ ವಿಧಾನ ನಿಮಗೂ ಉಪಯೋಗಕ್ಕೆ ಬರುತ್ತದೆ. ಇಂಜಿನ್ ಪೂರ್ತಿ ಆರಬೇಕು. ಪ್ಲಗ್ಗನ್ನು ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸದೆ ಬಿಡಬೇಕು. ಸಂದಿಗೆ ಕಾರ್ಬುರೇಟರ್ ಕ್ಲೀನರ್ ಬಿಟ್ಟು 15 ನಿಮಿಷ ಕಾಯಬೇಕು. ಆಮೇಲೆ ಸ್ವಲ್ಪ ಬಿಚ್ಚು, ಸ್ವಲ್ಪ ಬಿಗಿ ಮಾಡು, ಮತ್ತೆ ಸ್ವಲ್ಪ ಬಿಚ್ಚು, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಬಿಗಿ ಹಿಡಿಯಿತು ಅಂದರೆ ಎಳೆಯುವುದಲ್ಲ, ವಾಪಸ್ ತಿರುಗಿಸುವುದು.

ಮೋಟೆಬೆನ್ನೂರು ಚಹಾ | ಮಧ್ಯಾಹ್ನ 12:10

ಅಲ್ಲಿ ಗಿರಮಿಟ್ ಸಿಗುತ್ತಾ ಅಣ್ಣಾ?

ಸ್ಯಾನ್ ಹೋಸೆ ಸವಣೂರಿನವ | ಮಧ್ಯಾಹ್ನ 12:13

ಚುರುಮುರಿ ಸಿಗುತ್ತೆ, ಈರುಳ್ಳಿ ಸಿಗುತ್ತೆ, ಮಾಡುವ ಕೈ ಸಿಗಲ್ಲ. ಊರಿಂದ ಬಂದ ಸವಣೂರು ಖಾರ ಕಳೆದ ವಾರ ಖಾಲಿ ಆಯ್ತು, ಅದನ್ನು ನೆನಪಿಸಬೇಡ.

ಅಮರಗೋಳ ಬಾಡಿಗೆ | ಮಧ್ಯಾಹ್ನ 1:30

ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಪ್ಲಗ್ ಇಸಕೊಂಡು ಬಂದೆ. ಪಾನಾ ಅಣ್ಣ ಹೇಳಿದ ಹಾಗೆ ನಮ್ಮವಳ ಬಿಳಿ ಟವೆಲ್ ಮೇಲೆ ಇಟ್ಟು ಫೋಟೊ ಹಾಕಿದ್ದೇನೆ (ಬೈಸಿಕೊಂಡಿದ್ದೂ ಆಯ್ತು).

ಕೇಳಿದ್ದಕ್ಕೆ ಉತ್ತರ. ಇಂಜಿನ್ ಬಿಸಿ ಇತ್ತು, ಹೌದು. ಅರ್ಜೆಂಟ್ ಮಾಡಿದ್ದು ನಾನೇ, ಸಂಜೆಗೆ ಇನ್ನೊಂದು ಬಾಡಿಗೆ ಒಪ್ಪಿಕೊಂಡಿದ್ದೆ. ಸ್ಕ್ಯಾನರಿನಲ್ಲಿ ಪಿ0302 ಅಂತ ಬಂದಿತ್ತು. ಪ್ಲಗ್ ಹಾಕಿಸಿ ಎರಡು ವರ್ಷದ ಮೇಲಾಗಿದೆ, 50-60 ಸಾವಿರ ಕಿ.ಮೀ. ಆಗಿರಬಹುದು.

ಗೋಕುಲ ರೋಡ್ ಪಾನಾ | ಮಧ್ಯಾಹ್ನ 2:25

ಫೋಟೊ ದೊಡ್ಡದು ಮಾಡಿ ನೋಡಿದೆ. ಎರಡು ವಿಷಯ.

ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ. ನಿಮ್ಮ 2ನೇ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ, ಮೇಲಿನಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿದೆಯಲ್ಲ, ಅಲ್ಲೇ ಕಿಡಿ ಓಡಿದೆ. ತುದಿಯಲ್ಲಿ ಹಾರಬೇಕಾದ ಕರೆಂಟು ಪಿಂಗಾಣಿಯ ಹೊರಮೈ ಮೇಲೆ ಜಾರಿ ಪ್ಲಗ್ಗಿನ ಲೋಹದ ಮೈಗೆ ಇಳಿದಿದೆ. ತುದಿ ಸವೆದು ಕಿಡಿ ಹಾರುವ ಗ್ಯಾಪ್ ದೊಡ್ಡದಾದಾಗ, ಪ್ಲಗ್ ಮೇಲೆ ಕೂರುವ ರಬ್ಬರ್ ಬೂಟು ಹಳೆಯದಾದಾಗ ಹೀಗಾಗುತ್ತದೆ. ಗ್ಯಾಸಿಗೆ ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು, ಅದಕ್ಕೇ ಗ್ಯಾಸ್ ಮೇಲೆ ಜರ್ಕ್, ಪೆಟ್ರೋಲಿಗೆ ವಾಸಿ. ಹೊಸ ಪ್ಲಗ್ ಮಾತ್ರ ಹಾಕಿ ಆ ಬೂಟು ಬದಲಿಸದಿದ್ದರೆ ತಿಂಗಳಲ್ಲಿ ಮತ್ತೆ ಅದೇ ಗೆರೆ ಬೀಳುತ್ತದೆ. ಅಂದರೆ ಆ ದಿನ ಗಾಡಿ ಕೆಡಿಸಿದ್ದು 2ನೆಯದು. 3ನೆಯದು ಸುಮ್ನೆ ತನ್ನ ಪಾಡಿಗೆ ಇತ್ತು.

ಈಗ 3ನೆಯದರ ಕಥೆ. 1, 2, 4ಕ್ಕೆ ವಾಷರ್ ಇದೆ. 3ಕ್ಕೆ ಇಲ್ಲ. ಬುಡದ ಒಂದೂವರೆ ಎರಡು ಸುತ್ತು ಥ್ರೆಡ್ ನೋಡಿ, ಹಂಚಿನ ಮಸಿಯ ಹಾಗೆ ಕರ್ರಗೆ ಗಟ್ಟಿಯಾಗಿದೆ. ವಾಷರ್ ಇಲ್ಲದ್ದರಿಂದ ಪ್ಲಗ್ ಅಷ್ಟು ಕೆಳಗೆ ಇಳಿದು, ಆ ಥ್ರೆಡ್ ಬೆಂಕಿಯೊಳಗೆ ಇಣುಕಿ ಕೂತಿತ್ತು. ಅದರ ಮೇಲೆ ಎರಡು ವರ್ಷದ ಕಾರ್ಬನ್ ಸುಟ್ಟು ಕಲ್ಲಾಗಿದೆ. ಬಿಚ್ಚುವಾಗ ಆ ಕಲ್ಲು ಹೆಡ್ಡಿನ ಮೆತ್ತಗಿನ ಥ್ರೆಡ್ಡಿನೊಳಗಿಂದಲೇ ಬರಬೇಕಲ್ಲ. ಪೈಪು ಹಾಕಿದ್ದು ತಪ್ಪೇ, ಬಿಸಿ ಇದ್ದಾಗ ಬಿಚ್ಚಿದ್ದೂ ತಪ್ಪೇ. ಆದರೆ ಮೊದಲೇ ಉರುಳು ಕಟ್ಟಿಟ್ಟವನು ಬೇರೆ, ವಾಷರ್ ಇಲ್ಲದೆ ಹಾಕಿದವನು.

ಆ ವಾಷರ್ ಎಲ್ಲಿ ಹೋಯ್ತು? ಪ್ಲಗ್ ಕೂರುವ ಗುಳಿಯಲ್ಲೇ ಉಳಿದಿರಬಹುದಾ ನೋಡಿಸಿ.

ಶಿಗ್ಗಾಂವಿ ಸ್ಟೇರಿಂಗ್ | ಮಧ್ಯಾಹ್ನ 2:40

ವಾಷರ್ ಅಷ್ಟು ಸುಲಭಕ್ಕೆ ಬೀಳಲ್ಲ ಅಣ್ಣಾ, ಥ್ರೆಡ್ಡಿಗೆ ಹಿಡಿದುಕೊಂಡೇ ಇರುತ್ತೆ. ಯಾರೋ ಕಿತ್ತಿರಬೇಕು.

ನವನಗರ ಟೆಕ್ಕಿ | ಮಧ್ಯಾಹ್ನ 2:51

1ನೇ ಪ್ಲಗ್ಗಿನ ಪಿಂಗಾಣಿ ಬುಡದಲ್ಲಿ ಕಂದು ಬಣ್ಣದ ಉಂಗುರ ಇದೆ. ಅಲ್ಲೂ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಲೀಕ್ ಆಗುತ್ತಿದೆ ಅಲ್ವಾ?

ಗೋಕುಲ ರೋಡ್ ಪಾನಾ | ಮಧ್ಯಾಹ್ನ 3:00

ಅಲ್ಲ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಹೈ ವೋಲ್ಟೇಜಿಗೆ ಸುತ್ತಲಿನ ಗಾಳಿಯಲ್ಲಿರುವ ಎಣ್ಣೆಯ ಕಣ ಬಂದು ಪಿಂಗಾಣಿಗೆ ಅಂಟಿದ ಕಲೆ ಅದು. ಅದಕ್ಕೆ ಕೊರೋನಾ ಕಲೆ ಅಂತಾರೆ, ಈ ಹೆಸರು ರೋಗಕ್ಕಿಂತ ಹಳೆಯದು. ಅದರಿಂದ ತೊಂದರೆ ಇಲ್ಲ.

ಅಮರಗೋಳ ಬಾಡಿಗೆ | ಸಂಜೆ 5:35

ಹೇಳಿಬಿಡುತ್ತೇನೆ. ಮಧ್ಯಾಹ್ನದಿಂದ ಬರೆಯಲೋ ಬೇಡವೋ ಅಂತ ಕೂತಿದ್ದೆ.

ಎರಡು ವರ್ಷದ ಹಿಂದೆ, ಮೋಟೆಬೆನ್ನೂರು ಹತ್ತಿರ ರಾತ್ರಿ ಹನ್ನೊಂದರ ಹೊತ್ತಿಗೆ ಗಾಡಿ ಇದೇ ಥರ ಮಿಸ್ ಹೊಡೆದಿತ್ತು. ಪ್ಲಗ್ ಹೊಸದು, ಹಾಕಿಸಿ ತಿಂಗಳು ಆಗಿರಲಿಲ್ಲ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನಾನೇ ನಾಲ್ಕೂ ಬಿಚ್ಚಿದೆ. ತಂತಿ ಬ್ರಷ್ಷಿನಲ್ಲಿ ಉಜ್ಜಲು ಅಡ್ಡ ಆಗುತ್ತೆ ಅಂತ ವಾಷರ್‌ಗಳನ್ನೂ ತಿರುಗಿಸಿ ತಿರುಗಿಸಿ ಹೊರಗೆ ತೆಗೆದೆ. ಪೇಪರ್ ಹಾಸಿ ಅದರ ಮೇಲೆ ಇಟ್ಟಿದ್ದೆ. ಪಕ್ಕದಲ್ಲಿ ಒಂದು ಲಾರಿ ಹೋಯ್ತು ನೋಡಿ, ಆ ಗಾಳಿಗೆ ಪೇಪರ್ ಹಾರಿತು. ಮೂರು ವಾಷರ್ ಸಿಕ್ಕವು. ನಾಲ್ಕನೆಯದನ್ನು ಅರ್ಧ ಗಂಟೆ ರಸ್ತೆ ಮೇಲೆ ಬಗ್ಗಿ ಬಗ್ಗಿ ಹುಡುಕಿದೆ. ಸಿಗಲಿಲ್ಲ. ಒಂದು ವಾಷರಿಗೆ ಏನಾಗುತ್ತೆ ಅಂತ ಸ್ವಲ್ಪ ಜಾಸ್ತಿ ಬಿಗಿ ಮಾಡಿ ಬಂದೆ.

ಈ ಮಿಸ್ತ್ರಿಗೆ ನಾನು ಗುರುವಾರ ಏನೇನು ಅಂದೆ ಅಂತ ಇಲ್ಲಿ ಬರೆಯಲಾರೆ.

ಕ್ಲೀನರ್ ನಂ. 1 | ಸಂಜೆ 5:37

😶

ಬೆಟಗೇರಿ ಕಾಕಾ | ಸಂಜೆ 5:50

ಒಪ್ಪಿಕೊಂಡೆಯಲ್ಲ, ದೊಡ್ಡದು ಬಿಡು ತಮ್ಮಾ. ನಾವೆಲ್ಲ ರಾತ್ರಿ ಹನ್ನೊಂದಕ್ಕೆ ಹೀಗೇ ಏನಾದರೊಂದು ಮಾಡಿ ಬಂದವರೇ.

ಶಿಗ್ಗಾಂವಿ ಸ್ಟೇರಿಂಗ್ | ಸಂಜೆ 5:58

ನಾನು ಬರೆದ "ಒಂದು ರೂಪಾಯಿನೂ ಕೊಡಬೇಡಿ" ವಾಪಸ್ ತಗೊಂಡೆ. ಅರ್ಧ ಕೊಡಿ.

ಗೋಕುಲ ರೋಡ್ ಪಾನಾ | ಸಂಜೆ 6:30

ಆ ರಾತ್ರಿ ಇನ್ನೊಂದು ತಪ್ಪೂ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ. ತಂತಿ ಬ್ರಷ್ಷಿನಿಂದ ಪಿಂಗಾಣಿ ಉಜ್ಜಬಾರದು. ಬ್ರಷ್ಷಿನ ಲೋಹ ಪಿಂಗಾಣಿ ಮೇಲೆ ಗೀಚಿ ಉಳಿದು, ಕರೆಂಟಿಗೆ ಅದೇ ದಾರಿ ಆಗುತ್ತದೆ. 150 ರೂಪಾಯಿ ಪ್ಲಗ್ಗಿಗೆ ಉಜ್ಜುವ ಸಂಭ್ರಮ ಬೇಡ, ಹೊಸದು ಹಾಕಿ.

ಈಗ ರಿಪೇರಿ. ಹೆಡ್ ಇಳಿಸಲೇಬೇಕು ಅಂತ ಇಲ್ಲ. ತೂತಿನ ಸುತ್ತ ಬಿರುಕು ಇಲ್ಲದಿದ್ದರೆ ಹೆಡ್ ಮೇಲಿರುವಾಗಲೇ ಸ್ಟೀಲ್ ಥ್ರೆಡ್ ಕೂರಿಸಬಹುದು. ಥ್ರೆಡ್ ಕಡಿಯುವ ಟ್ಯಾಪಿನ ಸಂದಿಗಳಿಗೆಲ್ಲ ದಪ್ಪ ಗ್ರೀಸ್ ತುಂಬಬೇಕು, ಅಲ್ಯೂಮಿನಿಯಂ ಚೂರು ಗ್ರೀಸಿಗೇ ಅಂಟಿಕೊಳ್ಳುತ್ತದೆ. ಅರ್ಧ ಸುತ್ತು ಹಾಕಿ, ಹೊರಗೆ ತೆಗೆದು, ಒರೆಸಿ, ಮತ್ತೆ ಗ್ರೀಸ್ ತುಂಬಿ, ಹೀಗೆ. ಬೇಸರದ ಕೆಲಸ. ಕೊನೆಗೆ ಸಣ್ಣ ಕೊಳವೆ ಹಾಕಿ ಹೀರಿ, ಕ್ಯಾಮೆರಾ ಇಳಿಸಿ ಪಿಸ್ಟನ್ ಮೇಲೆ ಏನೂ ಬಿದ್ದಿಲ್ಲ ಅಂತ ನೋಡಲೇಬೇಕು. ಈ ಕೆಲಸ ಮಾಡಿ ಅಭ್ಯಾಸ ಇರುವ ಲೇಥಿನವರ ಕೈಯಲ್ಲೇ ಮಾಡಿಸಿ.

ಧಾರವಾಡ ಮಳೆ | ಸಂಜೆ 6:52

ನಾನು ಒಪ್ಪಲ್ಲ. ಒಂದು ಚೂರು ಒಳಗೆ ಬಿದ್ದು ಸಿಲಿಂಡರ್ ಗೀಚಿತು ಅಂದರೆ 14,500 ಅಲ್ಲ, ಇಂಜಿನ್ನೇ ಬಿಚ್ಚಬೇಕು. ಹೆಡ್ ಇಳಿಸಿ ಮಾಡಿಸಿದರೆ ವಾಲ್ವ್, ಸೀಲು ಎಲ್ಲ ನೋಡಿದ ಹಾಗೂ ಆಗುತ್ತೆ. 1,86,000 ಓಡಿದೆ, ಗ್ಯಾಸ್ ಗಾಡಿ ಬೇರೆ, ವಾಲ್ವ್ ಸೀಟ್ ಸವೆದಿರುತ್ತೆ.

ಗೋಕುಲ ರೋಡ್ ಪಾನಾ | ಸಂಜೆ 7:04

ಕಂಪ್ರೆಷನ್ ನೋಡಿ. ನಾಲ್ಕರಲ್ಲಿ ಮೂರು ಸಿಲಿಂಡರ್ ಸಮ ಇದ್ದರೆ ಯಾಕೆ ಇಳಿಸಬೇಕು? ಕಡಿಮೆ ಇದ್ದರೆ ನಿಮ್ಮ ಮಾತೇ ಸರಿ, ಇಳಿಸಲಿ.

ಬ್ಯಾಡಗಿ ಘಾಟು | ಸಂಜೆ 7:20

ನನ್ನದೊಂದು ಸೇರಿಸಲಾ? ನಾನು ಬ್ಯಾಡಗಿ ಮಾರುಕಟ್ಟೆಗೇ ದಿನಾ ಗಾಡಿ ಹಾಕುವವನು. ಸೀಸನ್ನಿನಲ್ಲಿ ಮೆಣಸಿನಕಾಯಿ ಧೂಳು ಪ್ಲಗ್ ಗುಳಿಯಲ್ಲಿ ಕೆಂಪಗೆ ಕೂತಿರುತ್ತದೆ. ಹಾಗೇ ಪ್ಲಗ್ ಬಿಚ್ಚಿದರೆ ಎಲ್ಲ ಸಿಲಿಂಡರ್ ಒಳಗೆ. ಮೊದಲು ಬೂಟು ತೆಗೆದು, ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಗುಳಿ ಊದಿಸಿ, ಆಮೇಲೆ ಬಿಚ್ಚಿ. ಊದುವಾಗ ಮುಖ ಆ ಕಡೆ ಮಾಡಿ. ನಾನು ಒಂದು ಸಲ ಬಗ್ಗಿ ನೋಡುತ್ತಾ ಊದಿಸಿಕೊಂಡು ಒಂದು ಗಂಟೆ ಕಣ್ಣು ಬಿಡಲಿಲ್ಲ. ಅಂಗಡಿ ಹುಡುಗ ಮಜ್ಜಿಗೆ ತಂದುಕೊಟ್ಟ, ಕುಡಿಯಲಿಕ್ಕೋ ಹಚ್ಚಿಕೊಳ್ಳಲಿಕ್ಕೋ ಗೊತ್ತಾಗಲಿಲ್ಲ.

ಮೋಟೆಬೆನ್ನೂರು ಚಹಾ | ಸಂಜೆ 7:31

ಬ್ಯಾಡಗಿ ಕಾಯಿ ಬಣ್ಣಕ್ಕೆ, ಖಾರಕ್ಕಲ್ಲ ಅಂತಾರಲ್ಲ 😂

ಬ್ಯಾಡಗಿ ಘಾಟು | ಸಂಜೆ 7:33

ಕಣ್ಣಿಗೆ ಹಾಕಿಕೊಂಡು ಹೇಳು ಬಾ.

ಗದಗ ಸೋವಿ | ರಾತ್ರಿ 8:45

ಕಡಿಮೆ ಬೆಲೆಗೆ ಪ್ಲಗ್ ಹುಡುಕುವವರಿಗೆ ಒಂದು ಮಾತು. ಡುಪ್ಲಿಕೇಟ್ ಬಹಳ ಓಡುತ್ತಿವೆ. ಹೆಸರಿನ ಅಕ್ಷರ ಉಗುರಿಗೆ ಅಳಿಸಿದರೆ, ಮೇಲಿನ ಕಡ್ಡಿ ನಡುವಿನ ತುದಿಗೆ ನೇರ ಇಲ್ಲದಿದ್ದರೆ, ಥ್ರೆಡ್ ಮುಟ್ಟಿದರೆ ತರಿತರಿ ಅನಿಸಿದರೆ ವಾಪಸ್ ಕೊಡಿ. ಬಿಲ್ ಇಲ್ಲದೆ ತಗೊಳ್ಳಬೇಡಿ.

ಇನ್ನೊಂದು, ನಂಬರ್ ನೋಡದೆ "ಇದೇ ಸೈಜು" ಅಂತ ಕೊಟ್ಟಿದ್ದು ಹಾಕಬೇಡಿ. ಎನ್‌ಜಿಕೆಯಲ್ಲಿ ಹೀಟ್ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು (ಬಿಸಿ ಬೇಗ ಬಿಡುವುದು), ಬಾಷ್‌ನಲ್ಲಿ ಉಲ್ಟಾ, ದೊಡ್ಡದಾದಷ್ಟೂ ಬಿಸಿ. ಒಂದು ಕಂಪನಿ 6 ಬಿಚ್ಚಿ ಇನ್ನೊಂದರ 6 ಹಾಕಿದರೆ ಒಂದೇ ಅಲ್ಲ. ಗ್ಯಾಪೂ ಅಷ್ಟೇ, ಗ್ಯಾಸ್ ಗಾಡಿಗೆ ಸಾಮಾನ್ಯವಾಗಿ ಕಡಿಮೆ ಗ್ಯಾಪ್ ಕೊಡುತ್ತಾರೆ, ಪುಸ್ತಕ ನೋಡಿ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ. ಇರಿಡಿಯಂ ತುದಿಗೆ ಮಾತ್ರ ಗೇಜ್ ತುರುಕಬೇಡಿ, ಮುರಿಯುತ್ತದೆ.

ನವನಗರ ಟೆಕ್ಕಿ | ರಾತ್ರಿ 8:58

ಮತ್ತೆ ಇರಿಡಿಯಂ ಮೇಲೆ ಬಂದಿರಿ 🙄

ಸಾಲು ಲಾರಿ | ರಾತ್ರಿ 9:15

ಪ್ಲಗ್ ಬಿಡಿ, ಗ್ಯಾಸ್ ಬಂಕಿನಲ್ಲಿ ಒಂದು ಗಂಟೆ ಸಾಲು ನಿಲ್ಲೋದಕ್ಕೆ ಏನು ಔಷಧ? ಬೈಪಾಸ್ ಕೆಲಸ ಬೇರೆ. ಗಬ್ಬೂರಿನಿಂದ ನರೇಂದ್ರಕ್ಕೆ ಹೋಗುವಷ್ಟರಲ್ಲಿ ಪ್ಲಗ್ ಹಳೆಯದಾಗುತ್ತೆ.

ಅಮರಗೋಳ ಬಾಡಿಗೆ | ಶನಿವಾರ ರಾತ್ರಿ 8:20

ಕೆಲಸ ಮುಗಿಯಿತು, ಹೇಳಿಬಿಡೋಣ ಅಂತ ಬಂದೆ.

ಬುಧವಾರ ಅದೇ ಗ್ಯಾರೇಜಿಗೆ ಹೋದೆ. ವಾಷರ್ ಕಥೆ ಹೇಳಿದೆ. ಮಿಸ್ತ್ರಿ ಏನೂ ಅನ್ನಲಿಲ್ಲ, ಹುಡುಗನಿಗೆ ಎರಡು ಚಹಾ ತರಲು ಹೇಳಿದ. ಆಮೇಲೆ ಅವನೇ, "ನಾನೂ ಬಿಸಿ ಇದ್ದಾಗ ಬಿಚ್ಚಬಾರದಿತ್ತು, ನೀವು ಗಡಿಬಿಡಿ ಮಾಡಿದಿರಿ ಅಂತ ಬಿಚ್ಚಿದೆ" ಅಂದ. ಉಳಿದ ಮೂರು ಸಿಲಿಂಡರಿನ ಕಂಪ್ರೆಷನ್ ನೋಡಿದ, ಸಮ ಇತ್ತು. ಹೆಡ್ ಇಳಿಸಲಿಲ್ಲ. ಲೇಥಿನವರು ಗ್ಯಾರೇಜಿಗೇ ಬಂದು ಗ್ರೀಸ್ ಹಾಕಿ ಹಾಕಿ ಥ್ರೆಡ್ ಕಡಿದು, ಒಳಗೆ ಹೊಸ ಥ್ರೆಡ್ ಇರುವ ಸ್ಟೀಲಿನ ಬುಷ್ ಕೂರಿಸಿದರು. ನಾಲ್ಕು ತಾಸು ಹಿಡಿಯಿತು. ಕ್ಯಾಮೆರಾದಲ್ಲಿ ನನಗೂ ತೋರಿಸಿದರು. ಪಿಸ್ಟನ್ ತಲೆ ಮೇಲೆ ಏನೂ ಬಿದ್ದಿರಲಿಲ್ಲ, ಸುಟ್ಟ ರೊಟ್ಟಿಯ ಹಾಗೆ ಕಪ್ಪಗೆ ಕಾಣುತ್ತಿತ್ತು ಅಷ್ಟೇ.

ಲೆಕ್ಕ: ಥ್ರೆಡ್ ಕೆಲಸ 2,800, ನಾಲ್ಕು ಮಾಮೂಲಿ ಪ್ಲಗ್ 600, ನಾಲ್ಕು ಬೂಟು 720, ಮಜೂರಿ 1,000 ಹೇಳಿ 500 ತಗೊಂಡ. ಒಟ್ಟು 4,620. ಮೂರು ದಿನದ ಬಾಡಿಗೆ ಹೋಯ್ತು, ಅದು ಬೇರೆ. ಇವತ್ತು ರಾಣೆಬೆನ್ನೂರಿಗೆ ಹೋಗಿ ಬಂದೆ, ಗ್ಯಾಸ್ ಮೇಲೆ ಒಂದು ಜರ್ಕ್ ಇಲ್ಲ.

ಲೆಕ್ಕದಕ್ಕನ ಹಾಗೆ ನಾನೂ ಒಂದು ಹಾಳೆ ಬರೆದು ಸನ್ ವೈಸರ್ ಹಿಂದೆ ಅಂಟಿಸಿದ್ದೇನೆ.

ರಾಣೆಬೆನ್ನೂರು ಲೆಕ್ಕದಕ್ಕ | ರಾತ್ರಿ 8:41

ರಾಣೆಬೆನ್ನೂರಿಗೆ ಬಂದು ಹೇಳದೆ ಹೋದಿರಾ? ಬಿಲ್ ಇಟ್ಟುಕೊಳ್ಳಿ. ಆ ಬುಷ್ ಯಾರು ಹಾಕಿದ್ದು, ಯಾವ ಅಳತೆ ಅಂತ ಹಾಳೆಯಲ್ಲೇ ಬರೆದಿಡಿ. ನಾಳೆ ಗಾಡಿ ಮಾರುವಾಗ, ಇಲ್ಲ ಬೇರೆ ಮಿಸ್ತ್ರಿ ಬಿಚ್ಚುವಾಗ ಬೇಕಾಗುತ್ತದೆ.

ಗೋಕುಲ ರೋಡ್ ಪಾನಾ | ರಾತ್ರಿ 9:05

500 ಬಿಟ್ಟನಾ! ನಾನಾಗಿದ್ದರೆ ಬಿಡುತ್ತಿರಲಿಲ್ಲ 😄 ಸಾವಿರ ಕಿ.ಮೀ. ಆದ ಮೇಲೆ ಒಂದು ಸಲ, ಇಂಜಿನ್ ಆರಿದಾಗ, 3ನೆಯದನ್ನು ಬಿಚ್ಚಿಸಿ ಬುಷ್ ಜೊತೆಗೆ ತಿರುಗುತ್ತಿಲ್ಲ ಅಂತ ನೋಡಿಸಿ.

ಮುಂಡರಗಿ ಹೊಸಬ | ರಾತ್ರಿ 11:30

ಅಣ್ಣಾರೇ, ಈ ಚರ್ಚೆ ಪೂರ್ತಿ ಓದಿ ಇವತ್ತು ನನ್ನ ಗಾಡಿಯ ಪ್ಲಗ್ ನೋಡೋಣ ಅಂತ ಎಲ್ಲ ಕಡೆ ಹುಡುಕಿದೆ, ಸಿಗಲಿಲ್ಲ. 2012ರ ಡೀಸೆಲ್ ಗಾಡಿ. ಎಲ್ಲಿರುತ್ತೆ?

ಕ್ಲೀನರ್ ನಂ. 1 | ರಾತ್ರಿ 11:32

ಬಾ ತಮ್ಮಾ, ನನ್ನ ಪಕ್ಕ ಕೂತುಕೋ. ಕಾಕಾ ಬಂದು ಹೇಳುತ್ತಾರೆ.